ಹದಿನೈದು ದಿನಗಳ ಅಂತರದಲ್ಲಿ ಇಬ್ಬರು ವೈಮಾನಿಕರು: 1965ರ ಯುದ್ಧದ ದೇವಯ್ಯ ಮತ್ತು ಕಾರ್ಯಪ್ಪ

ಮಂಗಳೂರು: ಸಂಪಾಜೆ ಘಾಟಿಯೇರಿ ಮಡಿಕೇರಿ ಸೇರುವ ಮಂಗಳೂರಿನ ಪ್ರಯಾಣಿಕರಿಗೆ ಆ ಪಟ್ಟಣದ ವೃತ್ತಗಳ ಪರಿಚಯವಾಗುವುದೇ ಸೇನಾನಿಗಳ ಹೆಸರಿನಿಂದ. ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಇವರ ಹೆಸರುಗಳನ್ನು ಅರಿಯದವರು ವಿರಳ. ಆದರೆ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಯಾರ ಹೆಸರಿದೆಯೋ ಆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು ಏನು ಮಾಡಿದರು ಎಂಬುದು ಬಹುಕಾಲ ಅವರ ಮನೆಯವರಿಗೂ ತಿಳಿದಿರಲಿಲ್ಲ. ಅವರನ್ನು ಯುದ್ಧಕ್ಕೆ ಕಳುಹಿಸಿದ ವಾಯುಪಡೆಗೂ ತಿಳಿದಿರಲಿಲ್ಲ. ತಿಳಿದಿದ್ದುದು ಎದುರಾಳಿ ಪಾಳೆಯದ ಒಬ್ಬ ಪೈಲಟ್‌ಗೆ ಮಾತ್ರ.

1965ರ ಸೆಪ್ಟೆಂಬರ್‌ನಲ್ಲಿ ನಡೆದ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಕೇವಲ ಹದಿನೈದು ದಿನಗಳ ಅಂತರದಲ್ಲಿ, ಕೊಡಗಿನ ಇಬ್ಬರು ವೈಮಾನಿಕರು ಗಡಿಯಾಚೆಗೆ ಹಾರಿ ಮರಳದಾದರು. ಸೆಪ್ಟೆಂಬರ್ 7ರಂದು ದೇವಯ್ಯ. ಸೆಪ್ಟೆಂಬರ್ 22ರಂದು ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ಎರಡನೆಯವರ ಸುದ್ದಿಯನ್ನು ಪಾಕಿಸ್ತಾನದ ರೇಡಿಯೊ ತಾನಾಗಿಯೇ ಬಿತ್ತರಿಸಿತು. ಅವರ ಕ್ಷೇಮಸಮಾಚಾರವನ್ನು ಆ ದೇಶದ ಅಧ್ಯಕ್ಷರೇ ತಲುಪಿಸಿದರು. ಮೊದಲನೆಯವರ ಕಥೆ ಬೆಳಕಿಗೆ ಬಂದು ಮನ್ನಣೆ ಪಡೆಯಲು 23 ವರ್ಷ ಬೇಕಾಯಿತು. ಒಂದೇ ನೆಲದಿಂದ ಬಂದು ಒಂದೇ ಯುದ್ಧದಲ್ಲಿ ಹೋರಾಡಿದ ಇಬ್ಬರ ಬದುಕುಗಳು ದಾಖಲೆಗೆ ಸೇರಿದ ಬಗೆಯಲ್ಲಿ ಇಷ್ಟು ಅಂತರವಿರುವುದೇ ಈ ಎರಡು ಕಥೆಗಳನ್ನು ಜೊತೆಯಾಗಿ ಓದಬೇಕಾದ ಕಾರಣ.

ಮೀಸಲು ಪೈಲಟ್

ಅಜ್ಜಮಾಡ ಬೋಪಯ್ಯ ದೇವಯ್ಯನವರು ಜನಿಸಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಗೆ ಸೇರಿದ ಅವರು 1965ರ ಹೊತ್ತಿಗೆ ಯುವ ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದರು. ಅಂದರೆ ಯುದ್ಧ ಆರಂಭವಾದಾಗ ಅವರು ಯಾವುದೇ ಕಾದಾಟದ ಸ್ಕ್ವಾಡ್ರನ್ನಿನ ಖಾಯಂ ಸದಸ್ಯರಾಗಿರಲಿಲ್ಲ. ಯುದ್ಧದ ಮೋಡ ಕವಿಯುತ್ತಿದ್ದಂತೆ ಅವರನ್ನು ಪಂಜಾಬಿನ ಆದಂಪುರ ನೆಲೆಯಲ್ಲಿದ್ದ ‘ಟೈಗರ್ಸ್’ ಖ್ಯಾತಿಯ 1ನೇ ಸ್ಕ್ವಾಡ್ರನ್ನಿಗೆ ನಿಯೋಜಿಸಲಾಯಿತು. ಆಗ ಅವರ ವಯಸ್ಸು 32. ವಿವಾಹಿತರು, ಮಕ್ಕಳ ತಂದೆ.

ಪ್ರತಿವರ್ಷ ಸೆಪ್ಟೆಂಬರ್ 3ರಂದು ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು, ಹೂವಿಟ್ಟು ಪೂಜಿಸುವ ದಿನ. 1965ರಲ್ಲಿ ಆ ಹಬ್ಬ ಬಂದಾಗ ಛಂಬ್ ವಲಯದ ಆಕಾಶದಲ್ಲಿ ಎರಡೂ ದೇಶಗಳ ಯುದ್ಧ ವಿಮಾನಗಳು ಆಗಲೇ ಎದುರುಬದುರಾಗಿದ್ದವು. ಸೆಪ್ಟೆಂಬರ್ 6ರಂದು ಭಾರತೀಯ ಭೂಸೇನೆ ಲಾಹೋರ್ ವಲಯದಲ್ಲಿ ಅಂತಾರಾಷ್ಟ್ರೀಯ ಗಡಿಯನ್ನು ದಾಟಿತು. ಅಂದು ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಹಠಾತ್ತನೆ ಎರಗಿ, ನೆಲದ ಮೇಲೆ ನಿಂತಿದ್ದ ಸುಮಾರು ಹತ್ತು ವಿಮಾನಗಳನ್ನು ನಾಶಪಡಿಸಿದವು. ಹಲ್ವಾರಾ ನೆಲೆಯ ಮೇಲೂ ದಾಳಿ ನಡೆಯಿತು. ಇದಕ್ಕೆ ಉತ್ತರವಾಗಿ ಮರುದಿನ ಮುಂಜಾನೆ ಪಾಕಿಸ್ತಾನ ವಾಯುಪಡೆಯ ಹೃದಯಸ್ಥಾನವೆನಿಸಿದ್ದ ಸಾರ್ಗೋಧಾ ನೆಲೆಯ ಮೇಲೆ ದಾಳಿ ನಡೆಸಲು ನಿರ್ಧರಿಸಲಾಯಿತು.

ದಾಳಿಯ ಹೊಣೆ 1ನೇ ಸ್ಕ್ವಾಡ್ರನ್ನಿನದು. ನೇತೃತ್ವ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರದು. ಹನ್ನೆರಡು ಮಿಸ್ಟಿಯರ್ ವಿಮಾನಗಳ ತಂಡ, ಅದಕ್ಕೆ ಇಬ್ಬರು ಮೀಸಲು ಪೈಲಟ್‌ಗಳು. ಹನ್ನೆರಡರಲ್ಲಿ ಯಾವುದಾದರೂ ಕೈಕೊಟ್ಟರೆ ಆ ಸ್ಥಾನ ತುಂಬುವುದು ಮೀಸಲು ಪೈಲಟ್‌ನ ಕೆಲಸ. ದೇವಯ್ಯ ಆ ಇಬ್ಬರಲ್ಲಿ ಒಬ್ಬರು.

ಇಲ್ಲಿ ವಿಮಾನದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳದೆ ಮುಂದಿನ ಘಟನೆಯ ತೂಕ ತಿಳಿಯುವುದಿಲ್ಲ. ಮಿಸ್ಟಿಯರ್ ಫ್ರಾನ್ಸ್ ನಿರ್ಮಿತ ವಿಮಾನ. 1957ರಿಂದ ಭಾರತದ ಬಳಿ ಇತ್ತು. ನೆಲದ ಮೇಲಿನ ಗುರಿಗಳಿಗೆ ಹೊಡೆಯಲು ಒಳ್ಳೆಯದೇ ಆಗಿದ್ದರೂ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಲಾರದು. ಅದರ ಮುಖ್ಯ ಆಯುಧವೆಂದರೆ 30 ಮಿ.ಮೀ.ನ ಎರಡು ಫಿರಂಗಿಗಳು. ಆದಂಪುರದಿಂದ ಸಾರ್ಗೋಧಾಕ್ಕೆ ಸುಮಾರು 300 ಕಿ.ಮೀ. ರಾಡಾರ್ ಕಣ್ಣಿಗೆ ಬೀಳದಂತೆ ನೆಲಕ್ಕೆ ಸಮೀಪದಲ್ಲೇ ಹಾರಬೇಕು. ಹಾಗೆ ಹಾರಿದಾಗ ಇಂಧನ ಬೇಗ ಖರ್ಚಾಗುತ್ತದೆ. ಹೋಗಿ, ಒಮ್ಮೆ ಹೊಡೆದು, ನೇರವಾಗಿ ಮರಳುವುದಕ್ಕೆ ಮಾತ್ರ ಸಾಕಾಗುವಷ್ಟು ಇಂಧನ. ದಾರಿಯಲ್ಲಿ ಕಾದಾಟಕ್ಕೆ ನಿಂತವನು ಮನೆ ಸೇರುವ ಲೆಕ್ಕ ಬಿಡಬೇಕಾಗಿತ್ತು. ಇದು ಪ್ರತಿಯೊಬ್ಬ ಪೈಲಟ್‌ಗೂ ಗೊತ್ತಿದ್ದ ಲೆಕ್ಕ, ಹಾರಾಟದ ಶಿಕ್ಷಕರಿಗಂತೂ ಕಂಠಪಾಠವಾಗಿದ್ದ ಲೆಕ್ಕ.

ಎದುರಾಳಿಯ ಬಳಿ ಇದ್ದುದು ಅಮೆರಿಕ ಕೊಟ್ಟ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಈ ವಿಮಾನಕ್ಕೆ ‘ಮನುಷ್ಯ ಕುಳಿತ ಕ್ಷಿಪಣಿ’ ಎಂಬ ಖ್ಯಾತಿಯಿತ್ತು. ಪಾಕಿಸ್ತಾನದ ಬಳಿ ಇವು ಇದ್ದುದು ಒಂದು ಡಜನ್ ಮಾತ್ರ. ಆದರೂ ಭಾರತೀಯ ಪೈಲಟ್‌ಗಳ ಮಾತುಕತೆಯಲ್ಲಿ ಅದರ ಹೆಸರು ಬಾರದ ದಿನವಿರಲಿಲ್ಲ ಎಂದರೆ ಉತ್ಪ್ರೇಕ್ಷೆಯಾಗದು.

ಸಾರ್ಗೋಧಾದ ಮುಂಜಾವು

ಸೆಪ್ಟೆಂಬರ್ 7ರ ಬೆಳಕು ಹರಿಯುವ ಮುನ್ನವೇ ಮಿಸ್ಟಿಯರ್‌ಗಳು ಕತ್ತಲಿನಲ್ಲಿ ಮೇಲೇರಿದವು. ರೇಡಿಯೊದಲ್ಲಿ ಮಾತಾಡುವಂತಿಲ್ಲ. ಮಬ್ಬುಗತ್ತಲಿನಲ್ಲಿ ದಾರಿ ತಪ್ಪಿ ಕೆಲವು ವಿಮಾನಗಳು ಗುರಿಯನ್ನೇ ತಲುಪಲಿಲ್ಲ. ಮೀಸಲಿನಲ್ಲಿದ್ದ ದೇವಯ್ಯನವರು ತಂಡದೊಂದಿಗೆ ಗಡಿ ದಾಟಿದ್ದರು.

ಸಾರ್ಗೋಧಾದ ಆಕಾಶದಲ್ಲಿ ಆ ಹೊತ್ತಿಗೆ ಕಾವಲು ಹಾರಾಟದಲ್ಲಿದ್ದವರು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರು ಹಾರಿಸುತ್ತಿದ್ದುದು ಸ್ಟಾರ್‌ಫೈಟರ್. ದಾಳಿ ಮುಗಿಸಿ ಮರಳುತ್ತಿದ್ದ ಮಿಸ್ಟಿಯರ್‌ಗಳ ಬೆನ್ನಟ್ಟಿದ ಅಮ್ಜದ್, ಹಿಂದೆ ಉಳಿದಿದ್ದ ಒಂದರ ಮೇಲೆ ಗುಂಡಿನ ಮಳೆ ಸುರಿಸಿದರು. ಗುಂಡುಗಳು ತಗುಲಿದವು. ಇದರ ಕಥೆ ಮುಗಿಯಿತೆಂದು ಬಗೆದ ಅವರು ಮುಂದಿನ ವಿಮಾನಗಳತ್ತ ಗಮನ ಹರಿಸಿದರು.

ಪೆಟ್ಟು ತಿಂದ ಆ ಮಿಸ್ಟಿಯರ್ ದೇವಯ್ಯನವರದು. ಅದು ಬೀಳಲಿಲ್ಲ. ದೇವಯ್ಯ ಅದನ್ನು ಗಡಿಯತ್ತ ತಿರುಗಿಸಲೂ ಇಲ್ಲ, ಸ್ಟಾರ್‌ಫೈಟರ್‌ನತ್ತ ತಿರುಗಿಸಿದರು. ನೆಲಕ್ಕೆ ಸಮೀಪದಲ್ಲಿ ಕಾದಾಟ ಆರಂಭವಾಯಿತು. ಸ್ಟಾರ್‌ಫೈಟರ್‌ನ ರೆಕ್ಕೆಗಳು ತೀರಾ ಚಿಕ್ಕವು. ನೇರ ಓಟದಲ್ಲಿ ಅದನ್ನು ಹಿಡಿಯುವವರಿಲ್ಲ, ಆದರೆ ತಿರುವು ಪಡೆಯಲು ಅದಕ್ಕೆ ವಿಶಾಲವಾದ ಜಾಗ ಬೇಕು. ತಿರುಗಲು ಹೊರಟರೆ ವೇಗ ಕುಸಿಯುತ್ತದೆ. ವೇಗ ಕುಸಿದ ಸ್ಟಾರ್‌ಫೈಟರ್ ಮಿಸ್ಟಿಯರ್‌ಗೆ ಸಮಬಲವಾಗಿಬಿಡುತ್ತದೆ. ದೇವಯ್ಯನವರ ಫಿರಂಗಿಗಳು ಗುರಿ ಮುಟ್ಟಿದವು. ಹತೋಟಿ ತಪ್ಪಿದ ವಿಮಾನದಿಂದ ಪ್ಯಾರಾಚೂಟ್ ಮೂಲಕ ಹೊರಚಿಮ್ಮಿದ ಅಮ್ಜದ್ ಬದುಕುಳಿದರು. ದೇವಯ್ಯ ಉಳಿಯಲಿಲ್ಲ. ಅವರ ದೇಹವನ್ನು ಹೊಲದಲ್ಲಿ ಕಂಡ ಹಳ್ಳಿಗರು ಅಲ್ಲಿಯೇ ಮಣ್ಣು ಮಾಡಿದರೆಂದು ಬಹುಕಾಲದ ಅನಂತರ ಬಂದ ವರದಿಗಳು ಹೇಳುತ್ತವೆ.

ಇದೆಲ್ಲ ಈಗ ತಿಳಿದಿರುವ ಸಂಗತಿ. ಅಂದು ಆದಂಪುರಕ್ಕೆ ಮರಳಿದ ಯಾರೊಬ್ಬರೂ ಈ ಕಾದಾಟವನ್ನು ಕಂಡಿರಲಿಲ್ಲ. ಎಲ್ಲರೂ ನೆಲಕ್ಕಂಟಿಕೊಂಡು ಪೂರ್ವಕ್ಕೆ ಹಾರುತ್ತಿದ್ದರು. ಹಿಂದಿರುಗಿ ನೋಡುವ ಅವಕಾಶವಿರಲಿಲ್ಲ. ಎಣಿಸಿದಾಗ ಒಂದು ವಿಮಾನ ಕಡಿಮೆಯಿತ್ತು. ಶತ್ರುವಿಗೆ ಬಲಿಯಾಯಿತೋ, ಇಂಧನ ತೀರಿತೋ, ಮಬ್ಬಿನಲ್ಲಿ ನೆಲಕ್ಕೆ ಬಡಿಯಿತೋ, ಹೇಳುವವರಿಲ್ಲ. ದಾಖಲೆಯಲ್ಲಿ ‘ಕಾಣೆಯಾದವರು’ ಎಂದು ನಮೂದಾಯಿತು. ಮನೆಗೂ ತಲುಪಿದ್ದು ಅಷ್ಟೇ.

ಜನರಲ್‌ನ ಮಗ

ಯುದ್ಧ ಮುಗಿಯುವ ಘಳಿಗೆ. ಸೆಪ್ಟೆಂಬರ್ 23ರ ನಸುಕಿನಲ್ಲಿ ಕದನವಿರಾಮ ಜಾರಿಗೆ ಬಂದಿತು. ಅದಕ್ಕೆ ಒಂದು ದಿನ ಮುಂಚೆ, 22ರಂದು, 20ನೇ ಸ್ಕ್ವಾಡ್ರನ್ನಿನ ಹಂಟರ್ ವಿಮಾನಗಳು ಲಾಹೋರಿನ ದಕ್ಷಿಣಕ್ಕಿರುವ ಕಸೂರ್ ವಲಯದ ಮೇಲೆ ದಾಳಿಗೆ ಹೊರಟವು. ಅದರಲ್ಲಿದ್ದ ಫ್ಲೈಟ್ ಲೆಫ್ಟಿನೆಂಟ್ ಕೊಡಂದೇರ ಸಿ. ಕಾರ್ಯಪ್ಪನವರ ವಿಮಾನಕ್ಕೆ ನೆಲದಿಂದ ಹಾರಿಸಿದ ಗುಂಡು ತಗುಲಿ ಬೆಂಕಿ ಹೊತ್ತಿತು. ಹೊರಚಿಮ್ಮಿ ನೆಲಕ್ಕೆ ಬಿದ್ದಾಗ ಬೆನ್ನುಮೂಳೆಗೆ ಪೆಟ್ಟಾಯಿತು. ಪಾಕಿಸ್ತಾನಿ ಸೈನಿಕರು ಸೆರೆಹಿಡಿದರು.

ಯುದ್ಧಕೈದಿಗಳನ್ನು ನಡೆಸಿಕೊಳ್ಳುವ ಬಗೆಯನ್ನು 1949ರ ಜಿನೀವಾ ಒಪ್ಪಂದ ನಿಗದಿಪಡಿಸಿದೆ. ಕೈದಿ ಹೇಳಬೇಕಾದುದು ಹೆಸರು, ಹುದ್ದೆ, ಸೇವಾಸಂಖ್ಯೆ, ಜನ್ಮದಿನಾಂಕ ಇಷ್ಟನ್ನೇ. ಆದರೆ ಈ ಕೈದಿಯ ವಿಚಾರದಲ್ಲಿ ಹೆಸರೊಂದೇ ಸಾಕಾಯಿತು. ಇವರ ತಂದೆ ಜನರಲ್ ಕೆ.ಎಂ. ಕಾರ್ಯಪ್ಪ. 1949ರ ಜನವರಿ 15ರಂದು ಬ್ರಿಟಿಷ್ ಸೇನಾಧಿಪತಿಯಿಂದ ಅಧಿಕಾರ ಸ್ವೀಕರಿಸಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು. 1953ರಲ್ಲಿ ನಿವೃತ್ತರಾಗಿ, ಈ ಯುದ್ಧದ ವೇಳೆ ಮಡಿಕೇರಿಯ ತಮ್ಮ ‘ರೋಷನಾರಾ’ ಮನೆಯಲ್ಲಿದ್ದವರು. ಪಾಕಿಸ್ತಾನದ ಅಂದಿನ ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಭಾರತದ ಸೇನೆಯಲ್ಲಿ ಇದೇ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದ್ದರು.

ಹೀಗಾಗಿ ಮಗ ಸೆರೆಸಿಕ್ಕ ಸುದ್ದಿ ತಂದೆಗೆ ಬೇಗನೆ ತಲುಪಿತು. ಮಗನೇ ಅನಂತರ ಬರೆದು, ಹೇಳಿ ಪ್ರಚಾರಕ್ಕೆ ಬಂದಿರುವ ವಿವರದಂತೆ, ಹುಡುಗ ಕ್ಷೇಮವಾಗಿದ್ದಾನೆ ಎಂದು ಅಯೂಬ್ ತಿಳಿಯಪಡಿಸಿದ್ದಲ್ಲದೆ ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರ್ ಮೂಲಕ ಬಿಡುಗಡೆಯ ಇಂಗಿತವನ್ನೂ ವ್ಯಕ್ತಪಡಿಸಿದರು. ಹಿರಿಯ ಕಾರ್ಯಪ್ಪನವರು ಅದನ್ನು ಒಪ್ಪಲಿಲ್ಲ. ಅಲ್ಲಿರುವ ಕೈದಿಗಳೆಲ್ಲರೂ ತನ್ನ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬರ್ಥದ ಉತ್ತರ ಹೋಯಿತು. ಅಯೂಬರ ಪತ್ನಿ ಮತ್ತು ಪುತ್ರ ಆಸ್ಪತ್ರೆಗೆ ಬಂದು ಕೈದಿಯನ್ನು ಕಂಡು, ಸಿಗರೇಟ್ ಪೆಟ್ಟಿಗೆಯನ್ನೂ ವುಡ್‌ಹೌಸ್‌ನ ಒಂದು ಕಾದಂಬರಿಯನ್ನೂ ಕೊಟ್ಟುಹೋದರಂತೆ. ಯುದ್ಧಕಾಲದಲ್ಲಿ ಇಂಥ ಸೌಜನ್ಯ ಅಪರೂಪ. ಹದಿನೆಂಟು ವರ್ಷಗಳ ಹಿಂದಿನವರೆಗೂ ಒಂದೇ ಮೆಸ್‌ನಲ್ಲಿ ಊಟ ಮಾಡಿದ್ದವರ ನಡುವೆ ನಡೆದ ಕಾಳಗವಿದು ಎಂಬುದನ್ನು ಮರೆಯುವಂತಿಲ್ಲ.

ಆದರೆ ಕೈದಿಯ ದಿನಗಳೆಲ್ಲ ಸಿಗರೇಟು, ಕಾದಂಬರಿಗಳಲ್ಲಿ ಕಳೆಯಲಿಲ್ಲ. ಏಕಾಂತ ಸೆರೆಯಿತ್ತು, ವಿಚಾರಣೆಯಿತ್ತು, ಬೆನ್ನುನೋವಿತ್ತು. ಕೆಲಕಾಲದ ಬಳಿಕವಷ್ಟೇ ಇತರ ಭಾರತೀಯ ಅಧಿಕಾರಿಗಳಿದ್ದ ಶಿಬಿರಕ್ಕೆ ಅವರನ್ನು ಒಯ್ಯಲಾಯಿತು. 1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ಸೆರೆಸಿಕ್ಕ ದಿನಕ್ಕೆ ಸರಿಯಾಗಿ ನಾಲ್ಕು ತಿಂಗಳಿಗೆ, ಜನವರಿ 22ರಂದು ಬಿಡುಗಡೆಯಾಯಿತು. ಮುಂದೆ ಅವರು ಏರ್ ಮಾರ್ಷಲ್ ಹುದ್ದೆಯವರೆಗೆ ಏರಿದರು. ತಂದೆಯ ಜೀವನಚರಿತ್ರೆಯನ್ನೂ ಬರೆದರು. ತಂದೆಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ದೊರೆಯಿತು. 1993ರ ಮೇ 15ರಂದು ಅವರು ನಿಧನರಾದರು.

ಶತ್ರುಪಕ್ಷದ ಪುಸ್ತಕ ಹೇಳಿದ ಸತ್ಯ

ಇತ್ತ ದೇವಯ್ಯನವರ ಮನೆಯಲ್ಲಿ ವರ್ಷಗಳು ಉರುಳಿದವು. ಕೈದಿಗಳು ಮರಳಿದಾಗ ಅವರು ಬರಲಿಲ್ಲ. ಮೃತರೆಂದು ಭಾವಿಸಲಾಯಿತು. ಕಾಣೆಯಾದವರ ಮನೆಗೆ ದುಃಖವೂ ಪೂರ್ಣವಾಗಿ ಬರುವುದಿಲ್ಲ, ಭರವಸೆಯೂ ಪೂರ್ಣವಾಗಿ ಹೋಗುವುದಿಲ್ಲ.

1979ರಲ್ಲಿ ಬ್ರಿಟಿಷ್ ವಿಮಾನಯಾನ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ, ಅದರ ದೃಷ್ಟಿಕೋನದಿಂದ ಬರೆದ ಪುಸ್ತಕ. ಭಾರತೀಯರಿಗೆ ಹಿತವೆನಿಸದ ಮಾತುಗಳು ಅದರಲ್ಲಿ ಧಾರಾಳವಾಗಿವೆ. ಆದರೆ ಸೆಪ್ಟೆಂಬರ್ 7ರ ಸಾರ್ಗೋಧಾ ಘಟನೆಯ ಬಗ್ಗೆ ಅದು ಅಮ್ಜದ್ ಹುಸೇನರ ವಿವರವನ್ನು ದಾಖಲಿಸಿತ್ತು: ಸ್ಟಾರ್‌ಫೈಟರ್ ಉರುಳಿದ್ದು ಒಂದು ಮಿಸ್ಟಿಯರ್ ಜೊತೆಗಿನ ಕಾದಾಟದಲ್ಲಿ. ಸಿಡಿದ ವಿಮಾನದ ತುಣುಕುಗಳು ಬಡಿದು ಸ್ಟಾರ್‌ಫೈಟರ್ ಬಿತ್ತೆಂಬ ವಿವರಣೆಯೂ ಪಾಕಿಸ್ತಾನದ ಕಡೆಯಿಂದ ಕೇಳಿಬಂದದ್ದುಂಟು. ಆದರೆ ಶಬ್ದಾತೀತ ವಿಮಾನವೊಂದನ್ನು ಶಬ್ದದ ವೇಗ ದಾಟದ ವಿಮಾನ ಉರುಳಿಸಿತೆಂಬ ಒಪ್ಪಿಗೆ ಎದುರಾಳಿಯ ಕಡೆಯ ಪುಸ್ತಕದಲ್ಲೇ ಅಚ್ಚಾಗಿತ್ತು.

ಆ ಮಿಸ್ಟಿಯರ್ ಯಾವುದು? ಆ ಮುಂಜಾನೆಯ ದಾಳಿಯಿಂದ ಮರಳದ ಮಿಸ್ಟಿಯರ್ ದೇವಯ್ಯನವರದೊಂದೇ. ಉತ್ತರ ಹುಡುಕಲು ಹೆಚ್ಚಿನ ಗಣಿತ ಬೇಕಿರಲಿಲ್ಲ. ಆ ದಿನ ತಂಡದ ನಾಯಕರಾಗಿದ್ದ, ಆ ವೇಳೆಗೆ ನಿವೃತ್ತರಾಗಿದ್ದ ತನೇಜಾ ತಮ್ಮ ಪೈಲಟ್‌ಗೆ ನ್ಯಾಯ ದೊರೆಯಬೇಕೆಂದು ಪತ್ರ ಬರೆದರು. ವಾಯುಪಡೆ ಪರಿಶೀಲನೆ ಕೈಗೊಂಡಿತು. 1988ರಲ್ಲಿ, ಘಟನೆ ನಡೆದು 23 ವರ್ಷಗಳ ಬಳಿಕ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ದೇಶದ ಎರಡನೇ ಅತ್ಯುಚ್ಚ ಯುದ್ಧಶೌರ್ಯ ಪ್ರಶಸ್ತಿಯಾದ ಮಹಾವೀರ ಚಕ್ರ ಮರಣೋತ್ತರವಾಗಿ ಘೋಷಣೆಯಾಯಿತು. ಪತ್ನಿ ಅದನ್ನು ಸ್ವೀಕರಿಸಿದರು. ತನೇಜಾ ಸುಮ್ಮನಿದ್ದಿದ್ದರೆ ಆ ಪುಟ ಓದುಗರ ಕಪಾಟಿನಲ್ಲೇ ಉಳಿದುಬಿಡುವ ಸಾಧ್ಯತೆಯೇ ಹೆಚ್ಚಿತ್ತು.

ಅಮ್ಜದ್ ಹುಸೇನರ ಮುಂದಿನ ಬದುಕೂ ಇಲ್ಲಿ ಉಲ್ಲೇಖಾರ್ಹ. 1971ರ ಯುದ್ಧದಲ್ಲಿ ಅವರು ಮತ್ತೆ ಸ್ಟಾರ್‌ಫೈಟರ್ ಏರಿದರು. ಡಿಸೆಂಬರ್ 5ರಂದು ಅಮೃತಸರದ ಬಳಿ ಭಾರತದ ವಿಮಾನನಿರೋಧಕ ಫಿರಂಗಿಗಳು ಅವರ ವಿಮಾನವನ್ನು ಹೊಡೆದುರುಳಿಸಿದವು; ಈ ಬಾರಿಯೂ ಪ್ಯಾರಾಚೂಟ್ ಅವರನ್ನು ಉಳಿಸಿತು, ಆದರೆ ಇಳಿದದ್ದು ಭಾರತದ ನೆಲಕ್ಕೆ. ಅಂದರೆ ದೇವಯ್ಯನವರ ಕೊನೆಯ ಕ್ಷಣಗಳನ್ನು ಕಂಡಿದ್ದ ವ್ಯಕ್ತಿ ಯುದ್ಧಕೈದಿಯಾಗಿ ಭಾರತದಲ್ಲೇ ಇದ್ದರು. ಆದರೂ ಸತ್ಯ ಬಂದದ್ದು ಎಂಟು ವರ್ಷಗಳ ಅನಂತರ, ಒಂದು ಆಂಗ್ಲ ಪುಸ್ತಕದ ಮೂಲಕ.

ಕಡತಗಳ ಗತಿ

ಸೈನಿಕನೊಬ್ಬನ ಯುದ್ಧಕಾಲದ ಬದುಕನ್ನು ಹುಡುಕಿ ತೆಗೆಯುವುದು ಎಲ್ಲ ದೇಶಗಳಲ್ಲೂ ಇಷ್ಟು ಕಷ್ಟವೇನಲ್ಲ. ಕೆನಡಾ ದೇಶದ ರಾಷ್ಟ್ರೀಯ ಪತ್ರಾಗಾರವು ಮೊದಲನೇ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರ ಆರು ಲಕ್ಷಕ್ಕೂ ಅಧಿಕ ಸೇವಾಕಡತಗಳನ್ನು 2018ರ ವೇಳೆಗೆ ಸಂಪೂರ್ಣವಾಗಿ ಗಣಕೀಕರಿಸಿ ಅಂತರಜಾಲದಲ್ಲಿ ಉಚಿತವಾಗಿ ಇರಿಸಿತು. ಸೇರಿದ ದಿನಾಂಕ, ಎತ್ತರ, ಗಾಯ, ಆಸ್ಪತ್ರೆ, ಸಂಬಳ, ಸಾವು ಎಲ್ಲವೂ ಅಲ್ಲಿವೆ. ಅಲ್ಲಿನ ಹಳ್ಳಿಯ ಶಾಲೆಯ ಮಕ್ಕಳೂ ತಮ್ಮೂರಿನ ಸ್ಮಾರಕದ ಮೇಲಿನ ಒಂದು ಹೆಸರನ್ನು ಹಿಡಿದು ಆ ಮನುಷ್ಯನ ಬದುಕನ್ನು ಓದಬಹುದು.

ನಮ್ಮಲ್ಲಿ 1965ರ ಯುದ್ಧದ ಅಧಿಕೃತ ಇತಿಹಾಸವನ್ನು ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ 1992ರಲ್ಲಿ ಸಿದ್ಧಪಡಿಸಿತು. ಅದು ಸೀಮಿತ ಬಳಕೆಗೆಂದು ಬದಿಗಿರಿಸಲ್ಪಟ್ಟಿತು; 2000ದಲ್ಲಿ ಒಂದು ಪತ್ರಿಕೆಯ ಮೂಲಕ ಅಂತರಜಾಲಕ್ಕೆ ಬಂದಾಗಲೇ ಜನಸಾಮಾನ್ಯರಿಗೆ ಓದಲು ಸಿಕ್ಕಿದ್ದು. ಈ ವಾಯುಯುದ್ಧದ ಬಗ್ಗೆ ಎರಡೂ ಕಡೆಯ ಆಧಾರಗಳನ್ನು ತುಲನೆ ಮಾಡಿದ ವಿಸ್ತೃತ ಗ್ರಂಥವನ್ನು 2005ರಲ್ಲಿ ಪ್ರಕಟಿಸಿದವರು ಸರ್ಕಾರದವರಲ್ಲ, ಪಿ.ವಿ.ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಎಂಬ ಖಾಸಗಿ ಸಂಶೋಧಕರು. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಪಡಿಸಬೇಕು; ಯುದ್ಧ ಮುಗಿದ ಐದು ವರ್ಷಗಳೊಳಗೆ ಅದರ ಇತಿಹಾಸ ಸಂಕಲನಗೊಳ್ಳಬೇಕು. ನೀತಿ ಸ್ವಾಗತಾರ್ಹವೇ. ಆದರೆ ಯುದ್ಧದ ಇತಿಹಾಸ ಬೇರೆ, ಯುದ್ಧಕ್ಕೆ ಹೋದ ಒಬ್ಬೊಬ್ಬನ ಇತಿಹಾಸ ಬೇರೆ. ಹೆಸರಾಂತ ತಂದೆಯಿಲ್ಲದ, ಪತ್ರ ಬರೆಯುವ ನಾಯಕನಿಲ್ಲದ, ಎದುರಾಳಿಯ ಪುಸ್ತಕದಲ್ಲಿ ಸ್ಥಾನ ಸಿಗದ ಸಿಪಾಯಿಗಳ ಕಡತಗಳು ಕೆನಡಾದ ಮಾದರಿಯಲ್ಲಿ ತೆರೆದುಕೊಂಡ ದಿನ, ಕದ್ರಿ ಗುಡ್ಡದ ಯುದ್ಧ ಸ್ಮಾರಕಕ್ಕೆ ಹೂವಿಡಲು ಹೋಗುವ ಮಂಗಳೂರಿನ ವಿದ್ಯಾರ್ಥಿಗಳಿಗೂ ಓದಲು ಬಹಳಷ್ಟಿರುತ್ತದೆ.

2025ರ ಜನವರಿ 24ರಂದು ತೆರೆಕಂಡ ಹಿಂದಿ ಚಲನಚಿತ್ರ ‘ಸ್ಕೈ ಫೋರ್ಸ್’ ಸಾರ್ಗೋಧಾ ದಾಳಿಯನ್ನೂ ದೇವಯ್ಯನವರ ಕಥೆಯನ್ನೂ ಆಧರಿಸಿದ್ದು. 1971ರಲ್ಲಿ ಸೆರೆಸಿಕ್ಕ ಪಾಕಿಸ್ತಾನಿ ಪೈಲಟ್‌ನ ಪ್ರಸಂಗವನ್ನು ಚಿತ್ರ ಕಥೆಯ ಕೀಲಿಯಾಗಿ ಬಳಸಿಕೊಂಡಿದೆ. ಚಿತ್ರದ ದೆಸೆಯಿಂದ ದೇಶದಾದ್ಯಂತ ಹೊಸ ತಲೆಮಾರಿಗೆ ಆ ಮುಂಜಾನೆಯ ಪರಿಚಯವಾಯಿತು. ಆದರೆ ತೆರೆಯ ಮೇಲಿನ ವೀರನ ಹೆಸರು ದೇವಯ್ಯ ಅಲ್ಲ, ಟಿ.ಕೆ. ವಿಜಯ. ಅವನು ಕೊಡಗಿನವನೂ ಅಲ್ಲ. ಹೆಸರು ದಾಖಲೆಗೆ ಸೇರಲು 23 ವರ್ಷ ಕಾದಿದ್ದ ಊರಿನಲ್ಲಿ ಇದಕ್ಕೆ ಅಸಮಾಧಾನ ವ್ಯಕ್ತವಾದುದು ಸಹಜವೇ.

ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಗೊಂಡ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ, ಸ್ವಾತಂತ್ರ್ಯಾನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಯೋಧರ ನಡುವೆ, ಅವರ ನಿಜನಾಮವಿದೆ. ಮಡಿಕೇರಿಯ ಬಸ್ ನಿಲ್ದಾಣದ ಬಳಿಯೂ ಇದೆ.